ಊರು ಬಿಡದ ಊರು

ಹಸಿರು ಹಲಗೆಯ ಮುಂದೆ ಅಮ್ಮ ನಿಂತುಬಿಟ್ಟರು. ಕಲ್ಲಿನ ಗೋಡೆ, ಚಿಕ್ಕ ಕಿಟಕಿ, ಅಂಗಳದಲ್ಲಿ ಹೂಗಿಡ; ಈಗಲೂ ಯಾರೋ ಸಂಸಾರ ಮಾಡಿಕೊಂಡಿರುವ ಮನೆ. ಹಲಗೆಯಲ್ಲಿ ಮಾತ್ರ ಆ ಮನೆಯಿಂದ ಪ್ಲೇಗಿಗೆ ಹೋದವರ ಹೆಸರುಗಳು. ಮಗಳು ಓದುತ್ತಾ ಹೋದಂತೆ ಅಮ್ಮ ಬೆರಳು ಮಡಚುತ್ತಾ ಹೋದರು.

ಡರ್ಬಿಷೈರ್‌ನ ಈ ಹಳ್ಳಿಯ ಹೆಸರು ಈಮ್. ಶೆಫೀಲ್ಡ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ ಚಿಲ್ಲರೆ ದಾರಿ. ಊರಿನಿಂದ ಬಂದಿದ್ದ ಅಮ್ಮನಿಗೆ ಇಂಗ್ಲಿಷ್ ಹಳ್ಳಿಯೊಂದನ್ನು ತೋರಿಸೋಣವೆಂದು ಭಾನುವಾರ ಬುತ್ತಿ ಕಟ್ಟಿಕೊಂಡು ಹೊರಟಿದ್ದೆವು.

1665ರ ಬೇಸಿಗೆಯ ಕೊನೆಗೆ ಇಲ್ಲಿನ ದರ್ಜಿಯೊಬ್ಬನಿಗೆ ಲಂಡನ್‌ನಿಂದ ಬಟ್ಟೆಯ ಗಂಟು ಬಂತು. ಒದ್ದೆಯಾಗಿದ್ದ ಬಟ್ಟೆಯನ್ನು ಆಳು ಜಾರ್ಜ್ ವಿಕಾರ್ಸ್ ಬೆಂಕಿಯ ಮುಂದೆ ಹರವಿದನಂತೆ. ಮಡಿಕೆಗಳಲ್ಲಿ ಚಿಗಟಗಳಿದ್ದವು. ಸೆಪ್ಟೆಂಬರ್ ಮೊದಲ ವಾರದಲ್ಲಿ ಅವನು ತೀರಿಕೊಂಡ. ಆಮೇಲೆ ಅಕ್ಕಪಕ್ಕದ ಮನೆಗಳು. ಚಳಿಗಾಲದಲ್ಲಿ ತಗ್ಗಿದಂತಿದ್ದ ಬೇನೆ ಮರುವರ್ಷ ಮತ್ತೆ ಹೆಡೆಯೆತ್ತಿತು.

ಪಾದ್ರಿ ವಿಲಿಯಂ ಮಾಂಪೆಸನ್ ಊರಿಗೆ ಹೊಸಬ, ಇನ್ನೂ ಮೂವತ್ತು ತುಂಬಿರಲಿಲ್ಲ. ಹಿಂದಿದ್ದ ಥಾಮಸ್ ಸ್ಟ್ಯಾನ್ಲಿ ಮತಭೇದದಿಂದ ಹುದ್ದೆ ಕಳೆದುಕೊಂಡವರು, ಆದರೂ ಜನ ನಂಬುತ್ತಿದ್ದದ್ದು ಅವರನ್ನೇ. ಎದುರುಬದುರಾಗಬೇಕಿದ್ದ ಇಬ್ಬರೂ 1666ರ ಜೂನ್‌ನಲ್ಲಿ ಒಟ್ಟಿಗೆ ನಿಂತು ಊರನ್ನು ಒಪ್ಪಿಸಿದರು: ಯಾರೂ ಎಲ್ಲೆ ದಾಟುವಂತಿಲ್ಲ, ಬೇನೆ ಪಕ್ಕದ ಹಳ್ಳಿಗಳಿಗೆ ಹೋಗಕೂಡದು. ಚರ್ಚಿಗೆ ಬೀಗ ಬಿತ್ತು. ಪ್ರಾರ್ಥನೆ ಬಯಲಿನ ಕಣಿವೆಯಲ್ಲಿ, ಒಬ್ಬರಿಂದೊಬ್ಬರು ದೂರ ನಿಂತು. ಸತ್ತವರನ್ನು ಮನೆಯವರೇ ಹಿತ್ತಿಲಲ್ಲೋ ಹೊಲದಲ್ಲೋ ಹೂಳಬೇಕು.

ಹೊರಗಿನವರು ದವಸ ತಂದಿಟ್ಟು ಹೋಗುತ್ತಿದ್ದ ಗಡಿಗಲ್ಲು ಸ್ಟೋನಿ ಮಿಡಲ್‌ಟನ್ ಕಡೆಯ ಹುಲ್ಲುಗಾವಲಿನಲ್ಲಿದೆ. ಒರಟು ಬಂಡೆ, ಅದರಲ್ಲಿ ಕೊರೆದ ಆರು ಕುಳಿ. ಕುಳಿಗಳಲ್ಲಿ ವಿನಿಗರ್ ತುಂಬಿ, ಸೋಂಕು ಕಳೆಯಲೆಂದು ದುಡ್ಡನ್ನು ಅದರಲ್ಲಿ ಮುಳುಗಿಸಿಡುತ್ತಿದ್ದರು. ಮಗಳು ಬೆರಳಿಟ್ಟು ಆಳ ನೋಡಿದಳು. ಕುಳಿಯ ಅಂಚು ಸವೆದು ನುಣುಪಾಗಿತ್ತು.

"ಇಲಿ ಬಿದ್ದರೆ ಊರು ಬಿಡಬೇಕು. ಇವರ್ಯಾಕೆ ಬಿಡಲಿಲ್ಲ?" ಎಂದರು ಅಮ್ಮ.

ಅದು ಅವರ ಅಜ್ಜಿಯಿಂದ ಬಂದ ಮಾತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ನಮ್ಮ ಸೀಮೆಯ ಎಷ್ಟೋ ಹಳ್ಳಿಗಳು ಮನೆಗೆ ಬೀಗ ಜಡಿದು ಹೊಲದಲ್ಲಿ ಗುಡಿಸಲು ಹಾಕಿಕೊಂಡವು. ಪ್ಲೇಗಮ್ಮನ ಗುಡಿಗಳು ಎದ್ದದ್ದೂ ಆಗಲೇ. ಅದೇ 1898ರಲ್ಲಿ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ, ಬೇನೆಯನ್ನು ಹೊತ್ತು ತರುವುದು ಇಲಿಯ ಚಿಗಟ ಎಂದು ತೋರಿಸಿದರು. ಇಲಿಗಳಿರುವ ಮನೆಯನ್ನೇ ಬಿಟ್ಟು ಬಯಲಿಗೆ ಹೋದ ನಮ್ಮ ಹಿರಿಯರ ದಾರಿಯೇ ಸರಿ ಅನ್ನಿಸುತ್ತದೆ ನನಗೆ. ಈಮ್‌ನವರಿಗೆ ಇದು ತಿಳಿದಿರಲಿಲ್ಲ. ಚಿಗಟಗಳ ನಡುವೆಯೇ ಉಳಿದು ಸುಮಾರು 260 ಮಂದಿ ಸತ್ತರು. ಮಾಂಪೆಸನ್ ತಮ್ಮ ಮಕ್ಕಳಿಬ್ಬರನ್ನು ಮೊದಲೇ ಹೊರಗೆ ಕಳಿಸಿದ್ದರು. ಊರಿನ ಉಳಿದ ತಾಯಂದಿರಿಗೆ ಆ ಅನುಕೂಲ ಎಲ್ಲಿತ್ತು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಗಂಡನ ಜೊತೆ ಉಳಿದ ಮಾಂಪೆಸನ್‌ರ ಹೆಂಡತಿ ಕ್ಯಾಥರೀನ್ ಆಗಸ್ಟ್‌ನಲ್ಲಿ ತೀರಿಕೊಂಡಳು. ಅವಳ ಸಮಾಧಿ ಚರ್ಚಿನ ಅಂಗಳದಲ್ಲಿದೆ. ಇಷ್ಟಾದರೂ, ನೆರೆಯೂರಿನ ಮಕ್ಕಳು ಬದುಕಲಿ ಎಂದು ಒಂದು ಊರು ತನ್ನ ಬಾಗಿಲನ್ನು ತಾನೇ ಹಾಕಿಕೊಂಡದ್ದನ್ನು ನೆನೆದರೆ ಗಂಟಲು ಕಟ್ಟುತ್ತದೆ.

ಕೊನೆಗೆ ಊರಾಚೆಯ ಏರು ಹತ್ತಿ ರೈಲಿ ಗೋರಿಗಳ ಹತ್ತಿರ ಹೋದೆವು. ಹೊಲದ ನಡುವೆ ಮೊಣಕಾಲೆತ್ತರದ ಕಲ್ಲುಪೌಳಿ, ಒಳಗೆ ಏಳು ಗೋರಿ. 1666ರ ಆಗಸ್ಟ್ 3ರಿಂದ 10ರೊಳಗೆ ಎಲಿಜಬೆತ್ ಹ್ಯಾನ್‌ಕಾಕ್ ಎಂಬಾಕೆ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡಳು. ಹೆಣಗಳನ್ನು ಒಬ್ಬಳೇ ಎಳೆದು ತಂದು, ತಾನೇ ಗುಂಡಿ ತೋಡಿ ಹೂತಳೆಂದು ಊರಿನವರು ಹೇಳುತ್ತಾರೆ.

"ಒಬ್ಬಳೇನಾ?" ಅಮ್ಮ ಎರಡು ಸಲ ಕೇಳಿದರು.

ಆಮೇಲೆ ಪೌಳಿಯ ಹೊರಗೆ ಚಪ್ಪಲಿ ಕಳಚಿಟ್ಟು ಒಳಗೆ ಹೋದರು. ಹುಲ್ಲು ಒದ್ದೆಯಾಗಿತ್ತು. ಮಗಳು ನನ್ನ ಮುಖ ನೋಡಿದಳು, ಕೂತು ಶೂಗಳ ದಾರ ಬಿಚ್ಚತೊಡಗಿದಳು.