ಗುರುಜೀವನದಲ್ಲಿ ಏಕಾಂತ ಪ್ರಾರ್ಥನೆ

ಗುರುಮಠದಲ್ಲಿ ನಮ್ಮನ್ನು ಪ್ರಾರ್ಥನೆಗೆ ಕರೆಯಲು ಗಂಟೆಯಿರುತ್ತದೆ. ಮುಂಜಾನೆಯ ಧ್ಯಾನ, ಬಲಿಪೂಜೆ, ಸಂಜೆಯ ಪ್ರಾರ್ಥನೆ, ಮಲಗುವ ಮುನ್ನ ಆತ್ಮಪರಿಶೋಧನೆ ಎಲ್ಲಕ್ಕೂ ಗೊತ್ತಾದ ವೇಳೆಯಿದೆ. ಪಕ್ಕದಲ್ಲಿ ಮೊಣಕಾಲೂರಿದ ಸಹಪಾಠಿಯಿದ್ದಾನೆ. ಗುರುದೀಕ್ಷೆ ಪಡೆದು ಧರ್ಮಕೇಂದ್ರಕ್ಕೆ ಹೋದ ಮೇಲೆ ಆ ಗಂಟೆ ಕೇಳಿಸುವುದಿಲ್ಲ. ಅದರ ಬದಲು ದೂರವಾಣಿ ಕರೆಯುತ್ತದೆ. ಶಾಲೆಯ ಲೆಕ್ಕಪತ್ರ, ಕಟ್ಟಡದ ಕೆಲಸ, ಶವಸಂಸ್ಕಾರ, ಮದುವೆಯ ಸಿದ್ಧತೆ ಒಂದರ ಹಿಂದೊಂದು ಬರುತ್ತವೆ. ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ, ಎಲ್ಲವೂ ನಮಗೆ ಒಪ್ಪಿಸಲ್ಪಟ್ಟ ಸೇವೆಯೇ. ಆದರೆ ಇವುಗಳ ನಡುವೆ ಮೊಟ್ಟಮೊದಲು ಕಳೆದುಹೋಗುವುದು ಏಕಾಂತ ಪ್ರಾರ್ಥನೆ. ಬಲಿಪೂಜೆ ತಪ್ಪಿದರೆ ಜನ ವಿಚಾರಿಸುತ್ತಾರೆ. ಧ್ಯಾನ ತಪ್ಪಿದರೆ ವಿಚಾರಿಸುವವರು ಯಾರೂ ಇಲ್ಲ.

"ನಮ್ಮ ಸೇವೆಯೇ ನಮ್ಮ ಪ್ರಾರ್ಥನೆಯಲ್ಲವೇ?" ಎಂಬ ಮಾತನ್ನು ಗುರುಗಳ ಕೂಟಗಳಲ್ಲಿ ಆಗಾಗ ಕೇಳುತ್ತೇವೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಹೊರಡಿಸಿದ, ಗುರುಗಳ ಸೇವೆ ಹಾಗೂ ಜೀವನವನ್ನು ಕುರಿತ ಆದೇಶಪತ್ರದ 13ನೆಯ ಪರಿಚ್ಛೇದವು, ಗುರುಗಳು ತಮ್ಮ ಸೇವೆಯನ್ನು ಕ್ರಿಸ್ತರ ಆತ್ಮದಲ್ಲಿ ನಿಷ್ಠೆಯಿಂದ ನೆರವೇರಿಸುವುದರ ಮೂಲಕವೇ ಪವಿತ್ರತೆಯನ್ನು ಪಡೆಯುತ್ತಾರೆಂದು ಬೋಧಿಸುತ್ತದೆ. ಆದರೆ ಅದರ ಮುಂದಿನ ಪರಿಚ್ಛೇದವನ್ನೂ ನಾವು ಓದಬೇಕು. ಹತ್ತಾರು ಕೆಲಸಗಳಲ್ಲಿ ಹಂಚಿಹೋದ ಗುರುವಿನ ಜೀವನಕ್ಕೆ ಐಕ್ಯವನ್ನು ತರುವುದು ಯಾವುದು ಎಂಬುದು ಅಲ್ಲಿನ ಪ್ರಶ್ನೆ. ಕೆಲಸಗಳನ್ನು ಕ್ರಮವಾಗಿ ಹೊಂದಿಸಿಕೊಂಡ ಮಾತ್ರಕ್ಕೆ ಅದು ಬಾರದು. ಭಕ್ತಿಯ ಅಭ್ಯಾಸಗಳಿಂದ ಮಾತ್ರವೇ ಬರುವಂಥದ್ದೂ ಅಲ್ಲ. ಪರಮಪ್ರಸಾದದ ಬಲಿಯಿಂದ ಹರಿಯುವ ಪಾಲನಾ ಪ್ರೀತಿಯೇ ಆ ಐಕ್ಯದ ಬಂಧ. ಗುರುಗಳು ಪ್ರಾರ್ಥನೆಯ ಮೂಲಕ ಕ್ರಿಸ್ತರ ರಹಸ್ಯದೊಳಕ್ಕೆ ಇನ್ನೂ ಆಳವಾಗಿ ಇಳಿಯದಿದ್ದರೆ ಆ ಪ್ರೀತಿಯು ದೊರಕದೆಂದು ಮಹಾಸಭೆ ಹೇಳುತ್ತದೆ. ಸೇವೆಯು ಪ್ರಾರ್ಥನೆಯಾಗಬಲ್ಲದು, ನಿಜ. ಆದರೆ ಪ್ರಾರ್ಥಿಸುವವನ ಸೇವೆ ಮಾತ್ರ ಹಾಗಾಗಬಲ್ಲದು.

ಇದನ್ನು ಯೇಸುಸ್ವಾಮಿಯ ಜೀವನದಲ್ಲೇ ಕಾಣುತ್ತೇವೆ. ಮಾರ್ಕನ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ಕಪೆರ್ನೌಮಿನ ಒಂದು ಸಂಜೆ ಊರಿಗೆ ಊರೇ ಬಾಗಿಲ ಮುಂದೆ ಸೇರುತ್ತದೆ; ಸ್ವಾಮಿಯು ಅನೇಕ ರೋಗಿಗಳನ್ನು ಗುಣಪಡಿಸುತ್ತಾರೆ. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಾರೆ (1:35). ಸಿಮೋನನು ಹುಡುಕಿಕೊಂಡು ಬಂದು, ಎಲ್ಲರೂ ತಮ್ಮನ್ನು ಅರಸುತ್ತಿದ್ದಾರೆಂದು ತಿಳಿಸುತ್ತಾನೆ. ಅವರ ಉತ್ತರ ನಮ್ಮನ್ನು ಬೆರಗುಗೊಳಿಸುತ್ತದೆ. ಅವರು ಆ ಬಾಗಿಲಿಗೆ ಹಿಂದಿರುಗುವುದಿಲ್ಲ. ಬೇರೆ ಊರುಗಳಿಗೆ ಹೋಗೋಣ, ಸಾರುವುದಕ್ಕಾಗಿಯೇ ತಾವು ಬಂದದ್ದು ಎನ್ನುತ್ತಾರೆ. ತಮ್ಮ ಪ್ರೇಷಣ ಯಾವುದೆಂಬುದನ್ನು ಅವರು ಜನರ ಬೇಡಿಕೆಯಿಂದ ತಿಳಿದುಕೊಳ್ಳಲಿಲ್ಲ, ಪಿತನ ಸನ್ನಿಧಿಯಲ್ಲಿ ತಿಳಿದುಕೊಂಡರು. ಏಕಾಂತವಿಲ್ಲದ ಗುರುವಿಗೆ ಈ ಸ್ವಾತಂತ್ರ್ಯವಿರುವುದಿಲ್ಲ. ಹೆಚ್ಚು ಗಟ್ಟಿಯಾಗಿ ಕೂಗಿದವರ ಹಿಂದೆ ಅವನು ಹೋಗುತ್ತಾನೆ. ಕೂಗಲು ಶಕ್ತಿಯಿಲ್ಲದ ಬಡವರೂ ರೋಗಿಗಳೂ ಅವನ ದಿನಚರಿಯಿಂದ ಹೊರಗುಳಿಯುತ್ತಾರೆ.

ಮತ್ತಾಯನ ಶುಭಸಂದೇಶದಲ್ಲಿ (6:6) ಪ್ರಾರ್ಥಿಸುವವನು ಕೋಣೆಯನ್ನು ಹೊಕ್ಕು ಬಾಗಿಲು ಮುಚ್ಚಿಕೊಳ್ಳಬೇಕೆಂದು ಸ್ವಾಮಿ ಬೋಧಿಸುತ್ತಾರೆ. ಇಲ್ಲಿ 'ಕೋಣೆ' ಎಂಬುದಕ್ಕಿರುವ ಗ್ರೀಕ್ ಪದ 'ತಮೆಯೊನ್'. ಮನೆಯ ಒಳಕೋಣೆ ಎಂಬುದರ ಜೊತೆಗೆ ಉಗ್ರಾಣ ಎಂಬ ಅರ್ಥವೂ ಅದಕ್ಕಿದೆ. ಕಾಗೆಗಳಿಗೆ ಉಗ್ರಾಣವಿಲ್ಲವೆಂದು ಲೂಕನ ಶುಭಸಂದೇಶ (12:24) ಹೇಳುವಲ್ಲಿ ಬಳಕೆಯಾಗಿರುವುದೂ ಇದೇ ಪದ. ಮನೆಯವರಿಗೆ ಬಡಿಸುವ ಧಾನ್ಯ ಉಗ್ರಾಣದಿಂದ ಬರಬೇಕು. ಭಾನುವಾರದ ಪ್ರಬೋಧನೆಯನ್ನು ಶನಿವಾರ ರಾತ್ರಿ ಮೊಬೈಲಿನಲ್ಲಿ ಹುಡುಕಿ ಒಪ್ಪಿಸುವಾಗ ನಮ್ಮ ಉಗ್ರಾಣ ಬರಿದಾಗಿದೆಯೆಂಬುದು ನಮಗೆ ತಿಳಿದೇ ಇರುತ್ತದೆ. ಕೆಲವೊಮ್ಮೆ ಅದು ಜನರಿಗೂ ತಿಳಿಯುತ್ತದೆ.

ಧರ್ಮಸಭೆಯ ಮಹಾಪಾಲಕರು ಈ ಅಪಾಯವನ್ನು ತಮ್ಮ ಅನುಭವದಿಂದಲೇ ಬಲ್ಲವರಾಗಿದ್ದರು. ಮಠದ ಮೌನದಿಂದ ಕರೆತರಲ್ಪಟ್ಟು 590ರಲ್ಲಿ ಜಗದ್ಗುರುಗಳಾದ ಮಹಾ ಗ್ರೆಗೊರಿಯವರು ಪಾಲಕರ ನಿಯಮವನ್ನು ಕುರಿತು ಬರೆದ ಗ್ರಂಥದಲ್ಲಿ ಮೋಶೆಯನ್ನು ಮಾದರಿಯಾಗಿ ನಿಲ್ಲಿಸುತ್ತಾರೆ. ಮೋಶೆ ಗುಡಾರದೊಳಗೆ ದೇವರ ಗೂಢಾರ್ಥಗಳನ್ನು ಧ್ಯಾನಿಸುತ್ತಾನೆ, ಹೊರಗೆ ದುರ್ಬಲರ ಭಾರವನ್ನು ಹೊರುತ್ತಾನೆ. ಸಂಶಯ ಬಂದಾಗ ಮತ್ತೆ ಒಳಗೆ ಹೋಗುತ್ತಾನೆ. ಒಳಗೇ ಕುಳಿತವನೂ ಹೊರಗೇ ಉಳಿದವನೂ ಗ್ರೆಗೊರಿಯವರ ದೃಷ್ಟಿಯಲ್ಲಿ ಪಾಲಕನಲ್ಲ. 12ನೆಯ ಶತಮಾನದಲ್ಲಿ ಕ್ಲೆರ್ವೊದ ಸಂತ ಬರ್ನಾರ್ಡರು, ಒಮ್ಮೆ ತಮ್ಮ ಶಿಷ್ಯರಾಗಿದ್ದ ಜಗದ್ಗುರು ಮೂರನೆಯ ಯುಜೀನರಿಗೆ ಬರೆಯುತ್ತಾ, ಬಿಡುವಿಲ್ಲದ ವ್ಯವಹಾರಗಳು ಮೆಲ್ಲಮೆಲ್ಲನೆ ಹೃದಯವನ್ನು ಕಲ್ಲಾಗಿಸುತ್ತವೆಂದು ಎಚ್ಚರಿಸಿದರು. ಹಾಗಾದ ಹೃದಯಕ್ಕೆ ತನ್ನ ನೋವೂ ತಿಳಿಯದು. ಪರಮಗೀತೆಯ ಕುರಿತ ಪ್ರಬೋಧನೆಯೊಂದರಲ್ಲಿ ಅವರು ಕಾಲುವೆಯನ್ನೂ ನೀರು ತುಂಬಿದ ತೊಟ್ಟಿಯನ್ನೂ ಹೋಲಿಸುತ್ತಾರೆ. ಕಾಲುವೆ ಬಂದ ನೀರನ್ನು ಆಗಲೇ ಹರಿಯಬಿಡುತ್ತದೆ. ತೊಟ್ಟಿಯಾದರೋ ತಾನು ತುಂಬಿ ಉಕ್ಕಿದ್ದನ್ನು ಕೊಡುತ್ತದೆ. ನಮ್ಮ ಸೀಮೆಯ ಕೆರೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆರೆ ತುಂಬಿ ಕೋಡಿ ಬಿದ್ದಾಗ ಊರಿಗೆಲ್ಲ ಸಂಭ್ರಮ.

ಇಲ್ಲೊಂದು ಆಕ್ಷೇಪಣೆ ಏಳಬಹುದು. ಪ್ರತಿದಿನ ಬಲಿಪೂಜೆ ಅರ್ಪಿಸಿ ಬ್ರೆವಿಯರಿಯನ್ನು ಪ್ರಾರ್ಥಿಸುವ ಗುರುವಿಗೆ ಬೇರೆ ಏಕಾಂತ ಪ್ರಾರ್ಥನೆ ಏಕೆ? ದೈವಾರಾಧನೆಗಿಂತ ಶ್ರೇಷ್ಠವಾದ ಪ್ರಾರ್ಥನೆಯಿಲ್ಲವೆಂಬುದು ಸತ್ಯ. ಆದರೂ 1983ರ ಧರ್ಮಸಭಾ ಕಾನೂನು ಸಂಹಿತೆಯು 276ನೆಯ ವಿಧಿಯಲ್ಲಿ ಬ್ರೆವಿಯರಿಯ ಕರ್ತವ್ಯವನ್ನು ಹೇಳಿದ ಮೇಲೂ, ಕ್ರಮವಾಗಿ ಮೌನಧ್ಯಾನದಲ್ಲಿ ತೊಡಗಬೇಕೆಂದು ಪ್ರತ್ಯೇಕವಾಗಿ ಪ್ರೇರೇಪಿಸುತ್ತದೆ. ಬಾಯಿ ಉಚ್ಚರಿಸುವ ಮಾತಿಗೆ ಹೃದಯ ಜೊತೆಗೂಡಲು ಸಮಯ ಬೇಕು. ಮಿಲಾನಿನ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೊಮಿಯೊ (1538–1584) ಅವರು, ಪೂಜೆಯಲ್ಲಿ ಮನಸ್ಸು ಚದುರುತ್ತದೆಂದು ದೂರುವ ಗುರುವಿಗೆ, ಪೂಜೆಗೆ ಮುನ್ನ ಏನು ಮಾಡುತ್ತಿದ್ದೆಯೆಂದು ಕೇಳುತ್ತಾರೆ. ಆ ಪ್ರಶ್ನೆ ಇಂದು ನಮ್ಮ ಪೂಜಾವಸ್ತ್ರಗಳ ಕೋಣೆಯಲ್ಲೂ ಕೇಳಿಸಬೇಕು.

ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಗುರುದೀಕ್ಷೆಯ ಆರಂಭದ ವರ್ಷಗಳಲ್ಲಿ, ಮನೆಬಿಟ್ಟು ಹೋದ ಮಗನಿಗಾಗಿ ಪ್ರಾರ್ಥಿಸಿರೆಂದು ವೃದ್ಧೆಯೊಬ್ಬರು ಬೇಡಿಕೊಂಡಿದ್ದರು. ಆಗಲಿ ಎಂದೆವು. ತಿಂಗಳ ಬಳಿಕ ಪೂಜೆ ಮುಗಿದ ಮೇಲೆ ಅವರು ಬಂದು, "ಸ್ವಾಮಿ, ದಿನಾಲೂ ನೀವು ನನ್ನ ಮಗನನ್ನು ನೆನೆಯುತ್ತೀರಿ ಅನ್ನೋದೇ ನನಗೆ ಧೈರ್ಯ" ಎಂದರು. ನಾವು ಒಂದು ದಿನವೂ ನೆನೆದಿರಲಿಲ್ಲ. ಆ ತಾಯಿ ನಮ್ಮ ಮಾತನ್ನು ಆಧರಿಸಿ ಒಂದು ತಿಂಗಳು ಬದುಕಿದ್ದರು. 'ನಿಮಗಾಗಿ ಪ್ರಾರ್ಥಿಸುತ್ತೇನೆ' ಎಂಬುದು ಬೀಳ್ಕೊಡುವಾಗಿನ ಉಪಚಾರದ ಮಾತಲ್ಲ, ಅದು ಸಾಲ. ತೀರಿಸುವ ಸ್ಥಳ ಆ ಮುಚ್ಚಿದ ಬಾಗಿಲಿನ ಕೋಣೆ. ಅಂದಿನಿಂದ ಬ್ರೆವಿಯರಿಯೊಳಗೆ ಒಂದು ಚೀಟಿಯಿಟ್ಟು, ಕೇಳಿಕೊಂಡವರ ಹೆಸರುಗಳನ್ನು ಬರೆದುಕೊಳ್ಳುತ್ತಾ ಬಂದಿದ್ದೇವೆ.

ಗುರುಮಠದ ವಿದ್ಯಾರ್ಥಿಗಳಿಗೆ ನಾವು ಹೇಳಬಯಸುವುದು ಇಷ್ಟು. ಗಂಟೆಯಿರುವಾಗಲೇ ಗಂಟೆಯಿಲ್ಲದೆ ಪ್ರಾರ್ಥಿಸುವುದನ್ನು ಕಲಿಯಿರಿ. ರಜೆಯಲ್ಲಿ ಮನೆಗೆ ಹೋದಾಗ ನಿಮ್ಮ ಪ್ರಾರ್ಥನೆ ಏನಾಗುತ್ತದೆಂದು ಗಮನಿಸಿರಿ. ಧರ್ಮಕೇಂದ್ರದಲ್ಲಿರುವ ಸಹೋದರ ಗುರುಗಳಿಗೂ ಹೇಳುವುದು ಹೊಸತೇನಲ್ಲ. ದೂರವಾಣಿಯನ್ನು ಮುಟ್ಟುವ ಮುನ್ನ ಅರ್ಧ ಗಂಟೆ, ಒಂದೇ ಸ್ಥಳ, ಅಂದಿನ ಶುಭಸಂದೇಶ, ಜನರ ಹೆಸರುಗಳು. ಒಣಗಿದ ದಿನಗಳಲ್ಲೂ ಆ ಅರ್ಧ ಗಂಟೆಯನ್ನು ಬಿಡದಿರೋಣ. ಏನೂ ತೋಚದೆ ಸುಮ್ಮನೆ ಕುಳಿತ ಗುರುವೂ ದೇವರ ಮುಂದೆಯೇ ಕುಳಿತಿರುತ್ತಾನೆ. ರೋಗಿಯ ಕರೆ ಬಂದರೆ ಎದ್ದು ಹೋಗೋಣ. ಹಿಂದಿರುಗಿದ ಮೇಲೆ ಆ ರೋಗಿಯ ಹೆಸರನ್ನೂ ಒಳಗೆ ಕರೆದೊಯ್ಯೋಣ. ಪ್ರೇಷಿತರು ತಮಗಾಗಿ ಉಳಿಸಿಕೊಂಡ ಕೆಲಸಗಳು ಎರಡೇ: ಪ್ರಾರ್ಥನೆ ಹಾಗೂ ವಾಕ್ಯದ ಸೇವೆ (ಪ್ರೇಷಿತರ ಕಾರ್ಯಕಲಾಪಗಳು 6:4). ಅವುಗಳಲ್ಲಿ ಅವರು ಮೊದಲು ಹೆಸರಿಸಿದ್ದು ಪ್ರಾರ್ಥನೆಯನ್ನು.