ನೇರಳೆಯ ಬಳಗಕ್ಕೆ ಹೊಸ ಹೆಸರು

ಸೊಲ್ಲಾಪುರ ಮತ್ತು ಅಕ್ಕಲಕೋಟೆಯ ಸೀಮೆ ಜೋಳ, ತೊಗರಿ, ಕಡಲೆಗಳ ಬಯಲು. ವರ್ಷಕ್ಕೆ ಆರೇಳುನೂರು ಮಿಲಿಮೀಟರ್ ಮಳೆಯನ್ನು ನಂಬಿ ಬದುಕುವ ಈ ಎರೆನೆಲದಲ್ಲಿ ದಟ್ಟವಾದ ಕಾಡಿಲ್ಲವಾದರೂ ಹಳ್ಳದ ದಂಡೆಯಲ್ಲಿ, ಹೊಲದ ಒಡ್ಡಿನ ಮೇಲೆ, ಬಾವಿಯ ಮಗ್ಗುಲಲ್ಲಿ ನೇರಳೆಯ ಮರ ಕಾಣಸಿಗುತ್ತದೆ. ಸಸ್ಯವಿಜ್ಞಾನಿಗಳು ಮಿರ್ಟೇಸಿ ಎಂದು ಕರೆಯುವ ಕುಟುಂಬಕ್ಕೆ ಸೇರಿದ ಈ ಮರಕ್ಕೆ ಹಿತ್ತಿಲಿನ ಪೇರಲ, ಅಡುಗೆಮನೆಯ ಲವಂಗ, ರಸ್ತೆಬದಿಯ ನೀಲಗಿರಿ ಇವೆಲ್ಲ ಹತ್ತಿರದ ಸಂಬಂಧಿಗಳು. ಉಜನಿ ಜಲಾಶಯವನ್ನು ತುಂಬಿಸಿ ಸೊಲ್ಲಾಪುರ ನಗರಕ್ಕೆ ಕುಡಿಯುವ ನೀರು ಕೊಡುವ ಭೀಮಾ ನದಿ ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ, ಅಲ್ಲಿನ ಕಾಡಿನ ಮುಖ್ಯ ಮರಗಳಲ್ಲಿ ನೇರಳೆಯೂ ಒಂದು. ಆದ್ದರಿಂದ ಬಯಲಿನವರ ಪಾಲಿಗೆ ಈ ಬಳಗ ತೀರ ದೂರದ್ದಲ್ಲ. ಈ ಬಳಗದಲ್ಲಿ ಇಂದಿಗೂ ಹೆಸರಿಲ್ಲದೆ ನಿಂತಿರುವ ಮರಗಳಿಗೆ ವಿಜ್ಞಾನ ಹೇಗೆ ಹೆಸರು ಕೊಡುತ್ತದೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ನೇರಳೆ ಸೇರಿರುವ ಸಿಜೀಜಿಯಂ ಎಂಬ ಜಾತಿಯಲ್ಲಿ, ಅಂದರೆ ಒಂದೇ ಮೂಲದ ಹಲವು ಪ್ರಭೇದಗಳನ್ನು ಒಟ್ಟುಗೂಡಿಸಿದ ಗುಂಪಿನಲ್ಲಿ, ಸುಮಾರು 1200 ಪ್ರಭೇದಗಳಿವೆ. ಮರಗಳ ಜಾತಿಗಳಲ್ಲಿ ಜಗತ್ತಿನಲ್ಲೇ ಇದು ಅತಿ ದೊಡ್ಡದೆಂದು ಎಣಿಸಲಾಗಿದೆ. ಇಷ್ಟು ದೊಡ್ಡ ಗುಂಪಿನಲ್ಲಿ ಒಂದು ಮರ ಹೊಸದು ಎಂದು ಹೇಳುವುದು ಸುಲಭವಲ್ಲ, ಏಕೆಂದರೆ ಹಾಗೆ ಹೇಳುವವರು ಉಳಿದ ಎಲ್ಲವುಗಳಿಂದ, ಕನಿಷ್ಠ ಪಕ್ಷ ಹತ್ತಿರದ ಎಲ್ಲವುಗಳಿಂದ, ಅದು ಬೇರೆಯೆಂದು ತೋರಿಸಬೇಕಾಗುತ್ತದೆ. ಹೊಸ ಪ್ರಭೇದ ಕಾಡಿನಲ್ಲಿ ಸಿಕ್ಕಿತು ಎಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುವವರಿಗೆ ಅದು ಒಂದು ದಿನದ ಅದೃಷ್ಟವೆಂದು ತೋರಬಹುದು. ವಾಸ್ತವದಲ್ಲಿ ಮರ ಕಾಡಿನಲ್ಲಿದ್ದರೂ ಹೊಸತನ ಸಿದ್ಧವಾಗುವುದು ಒಣಗಿದ ರೆಂಬೆಗಳ ಕಪಾಟುಗಳ ನಡುವೆ, ಹೋಲಿಸಿ ನೋಡುವ ಮೇಜಿನ ಮೇಲೆ.

ಕುಟುಂಬವನ್ನು ಗುರುತಿಸುವುದು ಮಾತ್ರ ಸುಲಭ, ಅದಕ್ಕೆ ಕಾಡಿಗೆ ಹೋಗುವ ಅಗತ್ಯವೂ ಇಲ್ಲ. ನೇರಳೆಯ ಒಂದು ಎಲೆಯನ್ನು ಕಿತ್ತು ಬಿಸಿಲಿಗೆ ಹಿಡಿದರೆ ಹಸುರಿನ ತುಂಬ ಸೂಜಿ ಚುಚ್ಚಿದಂತಹ ಸಣ್ಣ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಯ ಗ್ರಂಥಿಗಳು, ಎಲೆಯನ್ನು ಹೊಸಕಿದಾಗ ಬರುವ ವಾಸನೆಗೆ ಅವೇ ಕಾರಣ. ನಡುನರದಿಂದ ಹೊರಟ ಒತ್ತೊತ್ತಾದ ಪಕ್ಕದ ನರಗಳು ಅಂಚನ್ನು ಮುಟ್ಟದೆ, ಅಂಚಿಗಿಂತ ಕೊಂಚ ಒಳಗೆ, ಅದಕ್ಕೆ ಸಮಾನಾಂತರವಾಗಿ ಓಡುವ ಇನ್ನೊಂದು ನರವನ್ನು ಸೇರುತ್ತವೆ. ಎಲೆಗಳು ಎದುರುಬದುರಾಗಿ ಹುಟ್ಟುತ್ತವೆ, ಹೂವಿನಲ್ಲಿ ಕೇಸರಗಳು ಲೆಕ್ಕವಿಲ್ಲದಷ್ಟಿರುತ್ತವೆ, ಅಂಡಾಶಯ ದಳಗಳ ಕೆಳಗೆ ಕುಳಿತಿರುತ್ತದೆ. ಇಷ್ಟು ಲಕ್ಷಣಗಳು ಕುಟುಂಬದ ಪರಿಚಯಕ್ಕೆ ಹೆಚ್ಚುಕಡಿಮೆ ಸಾಕಾಗುತ್ತವೆ. ಕಷ್ಟ ಆರಂಭವಾಗುವುದು ಆಮೇಲೆ, ಜಾತಿ ಮತ್ತು ಪ್ರಭೇದವನ್ನು ಗೊತ್ತುಮಾಡುವಾಗ.

ಆ ಕಷ್ಟದ ಒಳ್ಳೆಯ ಉದಾಹರಣೆ ಉತ್ತರ ಕನ್ನಡ ಜಿಲ್ಲೆಯದು. ಆ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯದ ಭಾಗವಾಗಿತ್ತು, ಸೊಲ್ಲಾಪುರವೂ ಅದೇ ಪ್ರಾಂತ್ಯದಲ್ಲಿತ್ತು. ಹೀಗಾಗಿ 1901ರಿಂದ 1908ರವರೆಗೆ ಕಂತುಗಳಲ್ಲಿ ಹೊರಬಂದ ಥಿಯೋಡೋರ್ ಕುಕ್ ಅವರ ಪ್ರಾಂತ್ಯದ ಸಸ್ಯಗ್ರಂಥದಲ್ಲಿ ಬಯಲಿನ ಹುಲ್ಲೂ ಘಟ್ಟದ ಹೆಮ್ಮರಗಳೂ ಒಟ್ಟಿಗೆ ಸೇರಿವೆ. ಅರಣ್ಯಾಧಿಕಾರಿಯಾಗಿದ್ದ ಡಬ್ಲ್ಯು. ಎ. ಟಾಲ್ಬಟ್ ಅವರು ಉತ್ತರ ಕನ್ನಡದ ಕಾಡಿನ ನೇರಳೆಯ ಜಾತಿಯ ಮರವೊಂದನ್ನು 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಯೂಜೀನಿಯಾ ಕನರೆನ್ಸಿಸ್ ಎಂಬ ಹೆಸರಿನಲ್ಲಿ, ಮುಂಬಯಿಯ ನಿಸರ್ಗ ಇತಿಹಾಸ ಸಂಘದ ನಿಯತಕಾಲಿಕದಲ್ಲಿ ವರ್ಣಿಸಿದರು. 1948ರಲ್ಲಿ ಎಂ. ಬಿ. ರಾಯಜಾದಾ ಅವರು ಅದೇ ಮರವನ್ನು ಸಿಜೀಜಿಯಂ ಜಾತಿಗೆ ವರ್ಗಾಯಿಸಿದ್ದರಿಂದ ಇಂದು ಅದು ಸಿಜೀಜಿಯಂ ಕನರೆನ್ಸೆ. ಹೆಸರಿನ ಮುಂದೆ ಮೊದಲು ವರ್ಣಿಸಿದ ಟಾಲ್ಬಟ್ ಅವರ ಹೆಸರನ್ನು ಆವರಣದಲ್ಲಿಯೂ ವರ್ಗಾಯಿಸಿದ ರಾಯಜಾದಾ ಅವರ ಹೆಸರನ್ನು ಅದರ ಹೊರಗೂ ಬರೆಯುವುದು ಸಂಪ್ರದಾಯ, ಯಾರ ದುಡಿಮೆಯೂ ಅಳಿಸಿಹೋಗದಂತೆ ನೋಡಿಕೊಳ್ಳುವ ಈ ಪದ್ಧತಿ ನಿಜಕ್ಕೂ ಮೆಚ್ಚತಕ್ಕದ್ದು. ಯೂಜೀನಿಯಾ ಮತ್ತು ಸಿಜೀಜಿಯಂ ಒಂದೇ ಜಾತಿಯೋ ಎರಡೋ ಎಂಬ ವಾದ ಅಲ್ಲಿಗೂ ಮುಗಿಯಲಿಲ್ಲ. 1972ರಲ್ಲಿ ರುಡಾಲ್ಫ್ ಷ್ಮಿಡ್ ಅವರು ಹೂವಿನೊಳಗೆ ಅಂಡಕಗಳಿಗೆ ಆಹಾರ ಒಯ್ಯುವ ನಾಳಗಳು ಯಾವ ದಾರಿಯಲ್ಲಿ ಸಾಗುತ್ತವೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ, ಎರಡರಲ್ಲಿ ಈ ದಾರಿ ಬೇರೆಬೇರೆ ಎಂದು ತೋರಿಸಿದ ಬಳಿಕ ಪ್ರತ್ಯೇಕತೆಗೆ ಗಟ್ಟಿಯಾದ ಆಧಾರ ದೊರೆಯಿತು.

ಮಳೆಕಾಡಿನ ಮರವನ್ನು ವರ್ಣಿಸಲು ಹೊರಟವರಿಗೆ ಮೊದಲ ತೊಡಕು ಎತ್ತರ. ಇಪ್ಪತ್ತೈದು ಮೂವತ್ತು ಮೀಟರ್ ಮೇಲೆ, ನೆತ್ತಿಯ ಬಿಸಿಲಿನಲ್ಲಿ ಅರಳುವ ಹೂ ಕೆಳಗೆ ನಿಂತವರಿಗೆ ಕಾಣುವುದೇ ಇಲ್ಲ. ನೆಲದ ಮೇಲೆ ಉದುರಿದ ಬಿಳಿಯ ಕೇಸರಗಳನ್ನು ಕಂಡು ತಲೆಯೆತ್ತಿ ಹುಡುಕಬೇಕು, ಹತ್ತಬೇಕು, ಇಲ್ಲವೇ ಉದ್ದನೆಯ ದೋಟಿಯಿಂದ ರೆಂಬೆಯನ್ನು ಇಳಿಸಬೇಕು. ಹೂ ಕೆಲವೇ ವಾರಗಳದ್ದು, ಹಣ್ಣು ತಿಂಗಳುಗಳ ಬಳಿಕದ್ದು, ವರ್ಣನೆಗೆ ಎರಡೂ ಬೇಕಾದ್ದರಿಂದ ಅದೇ ಮರದ ಬುಡಕ್ಕೆ ಮತ್ತೆ ಮತ್ತೆ ಬರಬೇಕಾಗುತ್ತದೆ. ತೊಗಟೆಯ ಬಣ್ಣ, ಅದನ್ನು ಕೆತ್ತಿದಾಗ ಒಳಗೆ ಕಾಣುವ ಬಣ್ಣ, ವಾಸನೆ, ಸಮುದ್ರಮಟ್ಟದಿಂದ ಎತ್ತರ, ನೆರೆಯ ಮರಗಳು, ದಿನಾಂಕ ಇವನ್ನೆಲ್ಲ ಸ್ಥಳದಲ್ಲೇ ಬರೆದುಕೊಳ್ಳದಿದ್ದರೆ ಒಣಗಿದ ರೆಂಬೆಯಿಂದ ಅವು ಮತ್ತೆ ಸಿಗುವುದಿಲ್ಲ. ರೆಂಬೆಯನ್ನು ರದ್ದಿ ಕಾಗದಗಳ ನಡುವೆ ಹರವಿ, ಮರದ ಚೌಕಟ್ಟಿನಲ್ಲಿ ಬಿಗಿದು, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ದಿನದಿನವೂ ಕಾಗದ ಬದಲಿಸಿ ಒಣಗಿಸಲಾಗುತ್ತದೆ. ಮೊಗ್ಗು ಹೂಗಳಲ್ಲಿ ಕೆಲವನ್ನು ಸ್ಪಿರಿಟ್ಟಿನ ಸೀಸೆಯಲ್ಲಿ ಹಾಕಿಡಲಾಗುತ್ತದೆ. ಒಣಗಿದ್ದನ್ನು ಹುಳು ತಿನ್ನದಂತೆ ಸಂಸ್ಕರಿಸಿ ದಪ್ಪ ಹಾಳೆಗೆ ಹೊಲಿದು, ಬಲಗಡೆಯ ಕೆಳಮೂಲೆಯಲ್ಲಿ ಚೀಟಿ ಅಂಟಿಸಿದರೆ ಅದು ಹರ್ಬೇರಿಯಂ ಹಾಳೆ. ಅಂಥ ಹಾಳೆಗಳ ಭಂಡಾರವೇ ಹರ್ಬೇರಿಯಂ.

ಭಾರತದಲ್ಲಿ ಇಂಥ ಭಂಡಾರಗಳಲ್ಲಿ ದೊಡ್ಡದು 1890ರಲ್ಲಿ ಸ್ಥಾಪನೆಯಾದ ಭಾರತೀಯ ಸಸ್ಯ ಸರ್ವೇಕ್ಷಣೆಯ ಹೌರಾದ ಕೇಂದ್ರ ಹರ್ಬೇರಿಯಂ. ಅದೇ ಸಂಸ್ಥೆಯ ಶಾಖೆಗಳು ಪುಣೆ, ಕೊಯಮತ್ತೂರುಗಳಲ್ಲಿವೆ; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕರ್ನಾಟಕದ ಸಸ್ಯಗಳ ಉತ್ತಮ ಸಂಗ್ರಹವಿದೆ. ಸಂಶೋಧಕರು ತಮ್ಮ ರೆಂಬೆಯನ್ನು ಹಿಡಿದು ಹಳೆಯ ಹಾಳೆಗಳ ಮುಂದೆ ಕುಳಿತು ಎಲೆಯ ತೊಟ್ಟಿನ ಉದ್ದ, ನರಗಳ ಸಂಖ್ಯೆ, ಮೊಗ್ಗಿನ ಆಕಾರ, ಪುಷ್ಪಪತ್ರ ಉದುರುವುದೋ ನಿಲ್ಲುವುದೋ ಎಂಬುದನ್ನು ಒಂದೊಂದಾಗಿ ಅಳೆಯುವ ಈ ಹಂತವೇ ಇಡೀ ವಿದ್ಯೆಯ ತಿರುಳು. ಎಷ್ಟೋ ಸಲ ಹೊಸದೆಂದು ತಂದ ಮರ ನೂರು ವರ್ಷದ ಹಿಂದೆಯೇ ಹೆಸರು ಪಡೆದದ್ದಾಗಿರುತ್ತದೆ. ಎಷ್ಟೋ ಸಲ ನೂರು ವರ್ಷದ ಹಿಂದೆ ತಂದಿಟ್ಟ ರೆಂಬೆಯೇ ಹೆಸರಿಲ್ಲದ ಹೊಸ ಪ್ರಭೇದವಾಗಿರುತ್ತದೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಹೊಸದಾಗಿ ವರ್ಣಿತವಾದ ಸಸ್ಯ ಪ್ರಭೇದಗಳಲ್ಲಿ ಸಂಗ್ರಹವಾದ ಐದು ವರ್ಷದೊಳಗೆ ಹೆಸರು ಪಡೆದವು ಶೇಕಡಾ 16 ಮಾತ್ರ, ಸುಮಾರು ಕಾಲುಭಾಗ 50 ವರ್ಷಕ್ಕಿಂತ ಹೆಚ್ಚು ಕಾಲ ಕಪಾಟಿನಲ್ಲಿ ಕಾದಿದ್ದವು. ಹರ್ಬೇರಿಯಂ ಎಂದರೆ ಧೂಳು ತಿನ್ನುವ ಹಳೆಯ ಸಾಮಾನಿನ ಕೋಣೆ ಎಂದು ತಿಳಿದು ಕಾಲೇಜುಗಳು ಅದನ್ನು ಕಡೆಗಣಿಸುವುದು ಎಷ್ಟು ದೊಡ್ಡ ನಷ್ಟ ಎಂಬುದಕ್ಕೆ ಈ ಒಂದು ಅಂಕಿ ಸಾಕು.

ಬೇರೆಯೆಂದು ಖಚಿತವಾದ ಮೇಲೆ ಪ್ರಕಟಣೆಗೆ ಅಂತರರಾಷ್ಟ್ರೀಯ ನಿಯಮಾವಳಿಯಿದೆ. ಸಸ್ಯಗಳ ಹೆಸರಿನ ಲೆಕ್ಕ 1753ರಲ್ಲಿ ಲಿನೇಯಸ್ ಪ್ರಕಟಿಸಿದ ಗ್ರಂಥದಿಂದ ಆರಂಭವಾಗುತ್ತದೆ. ಹೊಸ ಹೆಸರು ಕೊಡುವವರು ಅದು ಯಾವುದರಿಂದ ಹೇಗೆ ಭಿನ್ನ ಎಂಬ ಕಿರುವರ್ಣನೆಯನ್ನು ಲ್ಯಾಟಿನ್‌ನಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಬರೆಯಬೇಕು. 2011ರ ಕೊನೆಯವರೆಗೆ ಲ್ಯಾಟಿನ್ ಕಡ್ಡಾಯವಾಗಿತ್ತು. ಜೊತೆಗೆ ಒಂದು ಹಾಳೆಯನ್ನು ಹೋಲೋಟೈಪ್ ಎಂದು ಗೊತ್ತುಪಡಿಸಿ ಸಾರ್ವಜನಿಕ ಹರ್ಬೇರಿಯಂನಲ್ಲಿ ಇರಿಸಬೇಕು. ಹೋಲೋಟೈಪ್ ಆ ಪ್ರಭೇದದ ಅತ್ಯಂತ ಚೆಲುವಾದ ಮಾದರಿಯೇನೂ ಅಲ್ಲ. ಸಂತೆಯ ತೂಕಗಳಿಗೆಲ್ಲ ಸರ್ಕಾರದ ಮುದ್ರೆಯ ಕಲ್ಲು ಹೇಗೋ ಹಾಗೆ, ಮುಂದೆ ಸಂಶಯ ಬಂದಾಗ ಎಲ್ಲರೂ ಮರಳಿ ಬಂದು ಒರೆಹಚ್ಚಬೇಕಾದ ಆಧಾರ. ಹೆಸರಿನ ಎರಡನೆಯ ಭಾಗ ಊರಿನದಾಗಬಹುದು, ಗುಣದ್ದಾಗಬಹುದು, ಗುರುವಿನದೂ ಆಗಬಹುದು; ಕನ್ನಡ ಓದುಗರಿಗೆ ‘ಹಸುರು ಹೊನ್ನು’ ಕೃತಿಯಿಂದ ಪರಿಚಿತರಾದ ಬಿ. ಜಿ. ಎಲ್. ಸ್ವಾಮಿಯವರು ದಕ್ಷಿಣ ಭಾರತದ ಒಂದು ಸಸ್ಯಕ್ಕೆ ಹಾರ್ವರ್ಡಿನ ತಮ್ಮ ಗುರು ಇರ್ವಿಂಗ್ ಬೈಲಿಯವರ ಹೆಸರಿನಿಂದ ಸಾರ್ಕಾಂಡ್ರಾ ಇರ್ವಿಂಗ್‌ಬೈಲಿಯೈ ಎಂದು ಕರೆದರು.

ಹೆಸರು ದೊರೆತ ಬಳಿಕ ಮರದ ರಕ್ಷಣೆಯ ಮಾತಿಗೆ ಹಿಡಿಕೆ ಸಿಗುತ್ತದೆ, ಏಕೆಂದರೆ ಹೆಸರಿಲ್ಲದ್ದು ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸಾಮಾನ್ಯವಾಗಿ ಸೇರುವುದಿಲ್ಲ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗು ಕಾಡಿನಿಂದ 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಅವರು ಗೇರಿನ ಕುಟುಂಬದ ಹೊಸ ಮರವನ್ನು ವರ್ಣಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಅದೇ ಕಾಡಿನಲ್ಲಿ, ಮೂಲತಃ ತಿರುವಾಂಕೂರಿನಿಂದ ಗ್ಯಾಂಬಲ್ ಅವರು 1918ರಲ್ಲಿ ವರ್ಣಿಸಿದ್ದ, ನೇರಳೆಯ ಬಳಗದ ಅತಿ ವಿರಳ ಮರ ಸಿಜೀಜಿಯಂ ಟ್ರಾವಂಕೋರಿಕಂ ಕೂಡ ಇದೆಯೆಂದು ಎಂ. ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದರು. ತೋಟಕ್ಕಾಗಿ ಜೌಗನ್ನು ಬಸಿದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಈ ವಿದ್ಯೆ ಘಟ್ಟದವರಿಗಷ್ಟೇ ಮೀಸಲಲ್ಲ. ಸೊಲ್ಲಾಪುರದ ವಾಲಚಂದ್ ಕಲಾ ಮತ್ತು ವಿಜ್ಞಾನ ಕಾಲೇಜಿನ ಸಸ್ಯಶಾಸ್ತ್ರಜ್ಞ ಎಸ್. ಪಿ. ಗಾಯಕವಾಡ್ ಅವರು ಗರಡ್ ಮತ್ತು ಗೋರೆ ಎಂಬ ಸಹೋದ್ಯೋಗಿಗಳೊಂದಿಗೆ ಇದೇ ಜಿಲ್ಲೆಯ ಗಡ್ಡೆಯ ಸಸ್ಯವೊಂದನ್ನು 2014ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದ ನಿಯತಕಾಲಿಕದಲ್ಲಿ ವರ್ಣಿಸಿ ಕ್ರೈನಮ್ ಸೋಲಾಪುರೆನ್ಸೆ ಎಂದು ಹೆಸರಿಸಿದರು. ಬರದ ಜಿಲ್ಲೆಯೆಂದು ಎಲ್ಲರೂ ಕೈಬಿಟ್ಟ ನೆಲದಿಂದ ಜಗತ್ತಿನ ಸಸ್ಯಪಟ್ಟಿಗೆ ಊರಿನ ಹೆಸರು ಸೇರಿದ್ದು ಹೀಗೆ. ಭಾರತೀಯ ಸಸ್ಯ ಸರ್ವೇಕ್ಷಣೆ 2022ರಲ್ಲಿ ತನ್ನ ಹಾಳೆಗಳ ಚಿತ್ರಗಳನ್ನು ಅಂತರಜಾಲದಲ್ಲಿ ತೆರೆದಿಟ್ಟ ಮೇಲೆ ಅಕ್ಕಲಕೋಟೆಯ ವಿದ್ಯಾರ್ಥಿಯೂ ಹಳೆಯ ಸಂಗ್ರಹಗಳನ್ನು ಕೈಫೋನಿನಲ್ಲಿ ದೊಡ್ಡದು ಮಾಡಿ ನೋಡಬಹುದು. ಆದರೆ ಒಣಗಿದ ಮೊಗ್ಗನ್ನು ಬಿಸಿನೀರಿನಲ್ಲಿ ನೆನೆಯಿಸಿ, ಸೂಜಿಯಿಂದ ಬಿಡಿಸಿ, ಅಂಡಾಶಯದಲ್ಲಿ ಎಷ್ಟು ಕೋಣೆಗಳಿವೆ ಎಂದು ಎಣಿಸುವ ಕೆಲಸ ಚಿತ್ರದಿಂದ ಆಗುವಂಥದ್ದಲ್ಲ. ಅದಕ್ಕೆ ಹರ್ಬೇರಿಯಂನ ಅನುಮತಿ ಪಡೆದು ಹಾಳೆಯ ಮುಂದೆಯೇ ಕುಳಿತುಕೊಳ್ಳಬೇಕು, ಮತ್ತು ಸೊಲ್ಲಾಪುರದಿಂದ ಪುಣೆ ರೈಲಿನಲ್ಲಿ ಸುಮಾರು 260 ಕಿಲೋಮೀಟರ್ ಅಷ್ಟೇ.