ಬಿಯರ್ಡೆಡ್ ಡ್ರ್ಯಾಗನ್‌ನ ನಿಷೇಚನಗೊಳ್ಳದ ಮೊಟ್ಟೆಗಳು

ಹೆಣ್ಣು ಬಿಯರ್ಡೆಡ್ ಡ್ರ್ಯಾಗನ್ ಗಂಡಿನೊಡನೆ ಕೂಡದೆ ಇಡುವ ಮೊಟ್ಟೆಗಳನ್ನು ನಿಷೇಚನಗೊಳ್ಳದ ಮೊಟ್ಟೆಗಳು ಅಥವಾ ಬರಡು ಮೊಟ್ಟೆಗಳು ಎನ್ನುತ್ತಾರೆ. ಇವುಗಳಿಂದ ಮರಿ ಹುಟ್ಟುವುದಿಲ್ಲ. ಆದರೆ ಮರಿಯಾಗುವ ಮೊಟ್ಟೆಗೆ ಬೇಕಾಗುವಂತೆಯೇ ಇವುಗಳಿಗೂ ತಾಯಿಯ ದೇಹದಿಂದ ಸುಣ್ಣಾಂಶ, ಕೊಬ್ಬು ಮತ್ತು ನೀರು ವ್ಯಯವಾಗುತ್ತವೆ. ಆದುದರಿಂದ ಒಂಟಿಯಾಗಿ ಸಾಕಿದ ಹೆಣ್ಣಿಗೂ ಬಾಣಂತಿಯಂತಹ ಆರೈಕೆ ಅಗತ್ಯ.

ಪರಿಚಯ

ಬಿಯರ್ಡೆಡ್ ಡ್ರ್ಯಾಗನ್ ಆಸ್ಟ್ರೇಲಿಯದ ಒಳನಾಡಿನ ಶುಷ್ಕ ಪ್ರದೇಶಗಳ ಸರೀಸೃಪ. ಸಾಕುವವರಲ್ಲಿ ಹೆಚ್ಚು ಪ್ರಚಲಿತವಾಗಿರುವ ಪ್ರಭೇದದ ವೈಜ್ಞಾನಿಕ ಹೆಸರು ಪೊಗೊನಾ ವಿಟಿಸೆಪ್ಸ್. ನಮ್ಮ ಬೇಲಿಗಳ ಮೇಲೆ ಕಾಣುವ ಓತಿಕ್ಯಾತವೂ ಇದೂ ಅಗಾಮಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿವೆ. ಬೆದರಿದಾಗ ಗಂಟಲಿನ ಮುಳ್ಳುಮುಳ್ಳಾದ ಚರ್ಮವನ್ನು ಉಬ್ಬಿಸಿ ಕಪ್ಪಾಗಿಸುವುದರಿಂದ, ಗಡ್ಡವುಳ್ಳದ್ದು ಎಂಬ ಅರ್ಥದ ಹೆಸರು ಇದಕ್ಕೆ ಬಂದಿದೆ.

ಕಾರಣ

ಹುಂಜವಿಲ್ಲದ ಗೂಡಿನಲ್ಲಿಯೂ ಕೋಳಿ ಮೊಟ್ಟೆಯಿಡುವುದು ಎಲ್ಲರಿಗೂ ತಿಳಿದ ವಿಷಯ. ಇಲ್ಲಿಯೂ ನಡೆಯುವುದು ಅದೇ. ಪ್ರಾಯಕ್ಕೆ ಬಂದ ಹೆಣ್ಣಿನ ಅಂಡಾಶಯದಲ್ಲಿ ಋತುವಿಗನುಗುಣವಾಗಿ ಅಂಡಗಳು ಬೆಳೆಯುತ್ತವೆ. ಹಗಲಿನ ಅವಧಿ, ಶಾಖ ಮತ್ತು ಆಹಾರದ ಸಮೃದ್ಧಿ ಇದಕ್ಕೆ ಪ್ರೇರಕವಾಗುತ್ತವೆ. ಒಂದು ಸರದಿಯಲ್ಲಿ ಸಾಮಾನ್ಯವಾಗಿ 15ರಿಂದ 30 ಮೊಟ್ಟೆಗಳಿರುತ್ತವೆ. ಒಂದೇ ಋತುವಿನಲ್ಲಿ ಹಲವು ಸರದಿಗಳೂ ಬರಬಹುದು.

ಹೆಣ್ಣು ವೀರ್ಯವನ್ನು ದೇಹದಲ್ಲಿ ಬಹುಕಾಲ ಕಾಯ್ದಿಟ್ಟುಕೊಳ್ಳಬಲ್ಲದು. ಹಿಂದೆ ಗಂಡಿನೊಡನೆ ಇದ್ದ ಹೆಣ್ಣಿನ ಮೊಟ್ಟೆಗಳೆಲ್ಲವೂ ಬರಡೆಂದು ಭಾವಿಸಬಾರದು.

ಲಕ್ಷಣಗಳು

ಹೊಟ್ಟೆ ಇಬ್ಬದಿಗೂ ಉಬ್ಬಿ, ಚರ್ಮದಡಿಯಲ್ಲಿ ಗೋಲಿಗಳಂತಹ ಗಂಟುಗಳು ಕಾಣಬಹುದು. ಮೊಟ್ಟೆಯಿಡುವ ಕಾಲ ಸಮೀಪಿಸಿದಂತೆ ಆಹಾರ ಕಡಿಮೆಯಾಗುತ್ತದೆ. ಪ್ರಾಣಿಯು ನೆಮ್ಮದಿಯಿಲ್ಲದೆ ಓಡಾಡುತ್ತ, ಗೂಡಿನ ಮೂಲೆಗಳನ್ನು ಕೆರೆಯತೊಡಗುತ್ತದೆ.

ಮೊಟ್ಟೆಯಿಡುವ ತಾಣ

ಕಾಡಿನಲ್ಲಿ ಹೆಣ್ಣು ನೆಲವನ್ನು ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಗಟ್ಟಿ ನೆಲದ ಗೂಡಿನಲ್ಲಿ ತೋಡಲು ಜಾಗ ಸಿಗದಿದ್ದರೆ ಅದು ಮೊಟ್ಟೆಗಳನ್ನು ಒಳಗೇ ತಡೆದಿಟ್ಟುಕೊಳ್ಳಬಹುದು. ಆದ್ದರಿಂದ ಅದು ಸಲೀಸಾಗಿ ಹೊರಳಬಲ್ಲಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಗೊಬ್ಬರ, ಕೀಟನಾಶಕ ಬೆರೆಯದ ಮಣ್ಣು ಮತ್ತು ಮರಳಿನ ಮಿಶ್ರಣವನ್ನು 20ರಿಂದ 30 ಸೆಂಟಿಮೀಟರ್ ಆಳಕ್ಕೆ ತುಂಬಬೇಕು. ಬೆರಳಿನಿಂದ ಕೊರೆದ ರಂಧ್ರ ಕುಸಿಯದೆ ನಿಲ್ಲುವಷ್ಟು ತೇವವಿದ್ದರೆ ಸಾಕು, ಕೆಸರಾಗಬಾರದು. ಮೊಟ್ಟೆಯಿಡುವಾಗ ಯಾರೂ ಇಣುಕಿ ನೋಡದಿರುವುದು ಲೇಸು.

ಬೆಳಕು ಮತ್ತು ಆಹಾರ

ದೇಹವು ಸುಣ್ಣಾಂಶವನ್ನು ಹೀರಿಕೊಳ್ಳಲು ಡಿ3 ಜೀವಸತ್ವವೂ, ಅದು ಚರ್ಮದಲ್ಲಿ ತಯಾರಾಗಲು ಯುವಿಬಿ ಕಿರಣಗಳೂ ಬೇಕು. ಕಿಟಕಿಯ ಗಾಜು ಈ ಕಿರಣಗಳನ್ನು ಬಹುಪಾಲು ತಡೆಯುವುದರಿಂದ ಗಾಜಿನಾಚೆಯ ಬಿಸಿಲು ಸಾಲದು. ಯುವಿಬಿ ದೀಪ ಅಗತ್ಯ. ಬಿಸಿಲು ಕಾಯಿಸುವ ಜಾಗದಲ್ಲಿ ಸುಮಾರು 38ರಿಂದ 42 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು. ಮತ್ತೊಂದು ತುದಿ ತಂಪಾಗಿರಬೇಕು. ಆಹಾರದ ಹುಳುಗಳಿಗೆ ಸುಣ್ಣದ ಪುಡಿ, ಅಂದರೆ ಪ್ರಾಣಿಗಳಿಗೆಂದೇ ಸಿದ್ಧಪಡಿಸಿದ ಕ್ಯಾಲ್ಸಿಯಂ ಕಾರ್ಬೋನೇಟ್ ಹಚ್ಚಿ ಕೊಡಬೇಕು. ವೀಳ್ಯದೆಲೆಯ ಸುಣ್ಣವನ್ನು ಎಂದಿಗೂ ಬಳಸಬಾರದು. ಅದು ಬಾಯಿಯನ್ನು ಸುಡುತ್ತದೆ.

ಮೊಟ್ಟೆಯಿಟ್ಟ ನಂತರ

ಹೊಟ್ಟೆ ಒಳಸೇರಿ ಪ್ರಾಣಿ ಬಳಲಿರುತ್ತದೆ. ಮೊದಲು ನೀರು, ಬಳಿಕ ಕೀಟಾಹಾರ ಮತ್ತು ಸೊಪ್ಪು ನೀಡಿ ವಿಶ್ರಾಂತಿಗೆ ಬಿಡಬೇಕು. ಬರಡು ಮೊಟ್ಟೆಗಳು ಸಾಮಾನ್ಯವಾಗಿ ಹಳದಿ ಛಾಯೆ ಪಡೆದು, ಕುಗ್ಗಿ, ಬೂಷ್ಟು ಹಿಡಿಯುತ್ತವೆ. ಅವುಗಳನ್ನು ತೆಗೆದುಹಾಕಬಹುದು.

ಅಪಾಯದ ಸೂಚನೆಗಳು

ಮೊಟ್ಟೆಗಳು ಹೊರಬರದೆ ಸಿಕ್ಕಿಕೊಳ್ಳುವುದು ಮಾರಣಾಂತಿಕವಾಗಬಲ್ಲದು. ದಿನಗಟ್ಟಲೆ ತೋಡಿಯೂ ಮೊಟ್ಟೆಯಿಡದಿರುವುದು, ಮುಕ್ಕುವುದು, ಅಂಗಾಂಗಗಳ ನಡುಕ, ಹಿಂಗಾಲುಗಳ ನಿಶ್ಶಕ್ತಿ, ಕಣ್ಣುಮುಚ್ಚಿ ಮಲಗಿಯೇ ಇರುವುದು ಇದರ ಸೂಚನೆಗಳು. ಹೊಟ್ಟೆಯನ್ನು ಒತ್ತಿ ಮೊಟ್ಟೆ ಹೊರತೆಗೆಯಲು ಯತ್ನಿಸಿದರೆ ಅವು ಒಳಗೇ ಒಡೆಯಬಹುದು. ವಿಳಂಬಿಸದೆ ಸರೀಸೃಪಗಳ ಚಿಕಿತ್ಸೆ ಬಲ್ಲ ಪಶುವೈದ್ಯರಲ್ಲಿಗೆ ಒಯ್ಯಬೇಕು. ಅವರು ಎಕ್ಸ್-ರೇ ಅಥವಾ ಅಲ್ಟ್ರಾಸೌಂಡ್ ಪರೀಕ್ಷೆ ನಡೆಸಿ, ದ್ರವ ಮತ್ತು ಕ್ಯಾಲ್ಸಿಯಂ ನೀಡುತ್ತಾರೆ. ಅನಿವಾರ್ಯವಾದರೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ತೊಂದರೆ ಮರುಕಳಿಸುವ ಹೆಣ್ಣಿನಲ್ಲಿ ಅಂಡಾಶಯಗಳನ್ನು ತೆಗೆಯುವುದೂ ಉಂಟು.